ಎಳ್ಳಮಾಸಿಯ ದಿನದ ಎಣಿಕೆ

ಅಥಣಿ ರಸ್ತೆಯಲ್ಲಿ ದಾರಿಗಳು ಕೂಡುವ ಜೋಡುಬೇವಿನ ನಾಕಾದಲ್ಲಿ ಶೈಲಾಳ ಸಿಟ್ಟು ಗೊತ್ತಿಲ್ಲದವರು ಯಾರೂ ಇಲ್ಲ. ತಿಕೋಟಾ ಕಡೆಯಿಂದ ಬರುವ ಟಂಟಂ ಆಟೋ ಚಾಲಕರಿಗಂತೂ ಚೆನ್ನಾಗಿಯೇ ಗೊತ್ತು. ಬೆಳಿಗ್ಗೆ ಒಂಬತ್ತೂವರೆಗೆ, ನಾಕಾಕ್ಕಿಂತ ತುಸು ಮೊದಲೇ ಸಿಗುವ ಸರ್ಕಾರಿ ಶಾಲೆಯ ಎದುರು ಈ ಹೆಂಗಸು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಸಾರು ತಿರುವುವ ಉದ್ದನೆಯ ಸೌಟನ್ನು ಮೇಲೆತ್ತಿ ರಸ್ತೆಯ ನಡುವೆ ಬಂದು ನಿಂತಳೆಂದರೆ ಕಬ್ಬಿನ ಟ್ರ್ಯಾಕ್ಟರೂ ನಿಲ್ಲಬೇಕು, ಕನಮಡಿ ಬಸ್ಸೂ ನಿಲ್ಲಬೇಕು. ನಿಲ್ಲದೆ ನುಸುಳಿದ ಮೋಟಾರು ಸೈಕಲ್ಲಿನವನೊಬ್ಬನ ಬೆನ್ನಿಗೆ ಸೌಟು ಬಿದ್ದದ್ದೂ ಉಂಟು. ಬೆನ್ನಿಗೆ ಬಿದ್ದದ್ದಕ್ಕಿಂತ ಆಮೇಲೆ ಕಿವಿಗೆ ಬಿದ್ದದ್ದೇ ಹೆಚ್ಚು ಉರಿಯಿತೆಂದು ಅವನೇ ಚಹದಂಗಡಿಯಲ್ಲಿ ಹೇಳಿಕೊಂಡನಂತೆ.

ಶೈಲಾ ಆ ಶಾಲೆಯಲ್ಲಿ ಬಿಸಿಯೂಟದ ಅಡುಗೆ ಮಾಡುವವಳು. ಹುಟ್ಟಿದ್ದು ಬಬಲೇಶ್ವರದಲ್ಲಿ, ಹಿಟ್ಟಿನ ಗಿರಣಿಯವರ ಮಗಳಾಗಿ. ಹತ್ತನೆಯ ತರಗತಿಯಲ್ಲಿ ಗಣಿತವೊಂದರಲ್ಲಿ ನಪಾಸಾದಳು. ಮತ್ತೆ ಪರೀಕ್ಷೆಗೆ ಕೂರುವುದರೊಳಗೆ ತಿಕೋಟಾದ ಸಿದ್ದರಾಮನ ಜೊತೆ ಮದುವೆಯಾಯಿತು. ಸಿದ್ದರಾಮ ಸರಕು ಸಾಗಿಸುವ ಟೆಂಪೊ ಕೊಂಡು ವಿಜಯಪುರಕ್ಕೆ ಬಂದ ಮೇಲೆ ಇಬ್ಬರೂ ಅಥಣಿ ರಸ್ತೆಯ ಬಡಾವಣೆಯೊಂದರಲ್ಲಿ ಬಾಡಿಗೆ ಮನೆ ಹಿಡಿದರು. ತಿಕೋಟಾದ ಹೊಲವನ್ನು ಅತ್ತೆ ಕಾಶಿಬಾಯಿ ಮತ್ತು ಮೈದುನ ನೋಡಿಕೊಳ್ಳುತ್ತಾರೆ.

ಗಣಿತದಲ್ಲಿ ನಪಾಸಾದವಳಿಗೆ ಕೊನೆಗೆ ಸಿಕ್ಕಿದ್ದು ಎಣಿಕೆಯ ಕೆಲಸವೇ. ದಿನಾ ಹತ್ತೂವರೆಗೆ ಹೆಡ್‌ಮೇಡಂ ವಿಜಯಲಕ್ಷ್ಮೀ ಅಂದಿನ ಹಾಜರಿಯನ್ನು ಅಡುಗೆಮನೆಯ ಬಾಗಿಲ ಮೇಲೆ ಸೀಮೆಸುಣ್ಣದಲ್ಲಿ ಬರೆಯುತ್ತಾರೆ. ಅಷ್ಟು ಮಕ್ಕಳಿಗೆ ಎಷ್ಟು ಅಕ್ಕಿ, ಎಷ್ಟು ಬೇಳೆ ಎಂದು ಶೈಲಾ ಮತ್ತು ಅವಳ ಜೊತೆಗಾತಿ ಮಾಬುಬಿ ಅಳೆದು ಹಾಕುತ್ತಾರೆ. ನೂರಾ ಅರವತ್ತೆಂಟು ಎಂದರೆ ನೂರಾ ಅರವತ್ತೆಂಟು. ಒಂದು ಮಗುವೂ ಅರೆಹೊಟ್ಟೆಯಲ್ಲಿ ಏಳಬಾರದು, ಒಂದು ಹಿಡಿ ಅನ್ನವೂ ಚೆಲ್ಲಬಾರದು. ಹನ್ನೊಂದು ವರ್ಷದಿಂದ ಅವಳ ಅಂದಾಜು ತಪ್ಪಿದ್ದಿಲ್ಲ.

ಸೌಟು ರಸ್ತೆಗೆ ಬಂದದ್ದು ನಾಲ್ಕು ವರ್ಷದ ಹಿಂದೆ. ಶಾಲೆ ರಸ್ತೆಯ ಈಚೆ, ಮಕ್ಕಳ ಮನೆಗಳಲ್ಲಿ ಮೂರರಲ್ಲಿ ಎರಡು ಪಾಲು ಆಚೆ. ಎರಡನೆಯ ತರಗತಿಯ ಲಲಿತಾ ಎಂಬ ಹುಡುಗಿ ದಾಟುವಾಗ ಮೋಟಾರು ಸೈಕಲ್ಲೊಂದು ಬಡಿದು ಹೋಯಿತು. ಕೂಗು ಕೇಳಿ ಶೈಲಾ ಸಾರಿನ ಪಾತ್ರೆ ಬಿಟ್ಟು ಓಡಿದಳು, ಕೈಯಲ್ಲಿದ್ದ ಸೌಟು ಕೈಯಲ್ಲೇ ಇತ್ತು. ಲಲಿತಾ ಬದುಕಿಕೊಂಡಳು, ಈಗ ಆರನೆಯ ತರಗತಿ. ನಡೆಯುವಾಗ ಎಡಗಾಲು ಸ್ವಲ್ಪ ಎಳೆಯುತ್ತದೆ. ಆ ಅಪಘಾತದ ಮರುದಿನದಿಂದ ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಅವಳೇ ನಿಂತು ಮಕ್ಕಳನ್ನು ದಾಟಿಸತೊಡಗಿದಳು. ಯಾರೂ ಹೇಳಿರಲಿಲ್ಲ, ಯಾರೂ ಬೇಡ ಎನ್ನಲೂ ಇಲ್ಲ.

ಇಂಥವಳಿಗೆ ಕಳೆದ ಆಷಾಢದಲ್ಲಿ ಒಂದು ಸಂತೋಷದ ಸುದ್ದಿ ಬಂತು. ಶಾಲೆಯ ಕಾಂಪೌಂಡಿಗೇ ಪ್ರಕಟಣೆ ಅಂಟಿಸಿದ್ದರು. ಜೋಡುಬೇವಿನ ನಾಕಾವನ್ನು ಸುಧಾರಿಸುತ್ತಾರಂತೆ, ಸಾರ್ವಜನಿಕರ ಸಲಹೆ ಕೇಳುತ್ತಾರಂತೆ, ನಕ್ಷೆಯನ್ನು ವಾರ್ಡ್ ಕಚೇರಿಯಲ್ಲಿ ಇಟ್ಟಿದ್ದಾರಂತೆ. ನಾಕಾ ಸುಧಾರಿಸಬೇಕು ಎಂಬುದರಲ್ಲಿ ಎರಡು ಮಾತಿಲ್ಲ. ಬಸ್ಸು, ದ್ರಾಕ್ಷಿ ಲಾರಿ, ಟಂಟಂ, ತಳ್ಳುಗಾಡಿ ಎಲ್ಲ ಒಂದಕ್ಕೊಂದು ಮೂತಿ ಕೊಟ್ಟು ನಿಂತರೆ ಅರ್ಧ ತಾಸು ಯಾರೂ ಅಲುಗಾಡುವಂತಿಲ್ಲ. ಸಿದ್ದರಾಮ ದಿನಾ ಮನೆಗೆ ಬಂದು ಮೊದಲು ಹೇಳುವುದು ನಾಕಾಕ್ಕೆ ಹಿಡಿಶಾಪ, ಆಮೇಲೆ ನೀರು ಕೇಳುವುದು.

ಸಂಜೆ ಪಾತ್ರೆ ತೊಳೆದಿಟ್ಟು ಶೈಲಾ ನಕ್ಷೆ ನೋಡಲು ಹೋದಳು. ಕಚೇರಿಯ ಗುಮಾಸ್ತ ಬೆರಳಿಟ್ಟು ತೋರಿಸಿದ. ನಾಕಾದಿಂದ ಬಡಾವಣೆಯ ತುದಿಯವರೆಗೆ ರಸ್ತೆಯ ನಡುವೆ ದಪ್ಪನೆಯ ಕಪ್ಪು ಗೆರೆ, ಎಲ್ಲಿಯೂ ಬಿಡುವಿಲ್ಲ.

"ಸಾಲಿ ಮುಂದ ದಾರಿ ಎಲ್ಲೈತ್ರಿ ಇದರಾಗ?"

"ಅಲ್ಲಿ ಡಿವೈಡರ್ ಬರತೈತ್ರಿ. ದಾಟಾವ್ರು ನಾಕಾಕ್ಕ ಹೋಗಿ ದಾಟಬೇಕು."

ನಾಕಾ ಅಲ್ಲಿಂದ ಮುನ್ನೂರೈವತ್ತು ಮೀಟರು. ಹೋಗಿ ದಾಟಿ ಮರಳಿ ಬರಬೇಕೆಂದರೆ ಅದರ ಇಮ್ಮಡಿ, ಅದೂ ಗಟಾರದ ಅಂಚಿನಲ್ಲಿ, ಟಂಟಂಗಳ ಮೂತಿಯ ಕೆಳಗೆ. ಒಂದನೆಯ ತರಗತಿಯ ಮಗು ಹಾಗೆ ಸುತ್ತಿ ಬರುತ್ತದೆಯೇ? ಡಿವೈಡರಿನ ಗೋಡೆ ಹತ್ತಿ ಹಾರುತ್ತದೆ. ಶೈಲಾ ಗುಮಾಸ್ತನ ಮೇಲೆ ಹರಿಹಾಯ್ದಳು. ಅವನು ಪಾಪ, ತನ್ನದೇನೂ ಇಲ್ಲವೆಂದು ಸರ್ವೆಯ ವರದಿಯನ್ನೇ ತೆಗೆದು ಮುಂದಿಟ್ಟ. ಶಾಲೆಯ ಎದುರು ಬೆಳಿಗ್ಗೆ ಏಳರಿಂದ ಸಂಜೆ ಏಳರವರೆಗೆ ರಸ್ತೆ ದಾಟಿದವರು: ಮೂವತ್ನಾಲ್ಕು. ಅದರಲ್ಲಿ ಶಾಲಾ ಮಕ್ಕಳು: ಸೊನ್ನೆ.

ಸೊನ್ನೆ! ದಿನಾ ನೂರಾ ಹದಿನೈದು ಮಕ್ಕಳನ್ನು ತಲೆ ಎಣಿಸಿ ದಾಟಿಸುವವಳ ಮುಂದೆ ಸೊನ್ನೆ. ವರದಿಯ ಮೇಲಿದ್ದ ತಾರೀಖನ್ನು ಅಂಗೈಯಲ್ಲಿ ಬರೆದುಕೊಂಡು ಮನೆಗೆ ಬಂದು ಗೋಡೆಯ ಕ್ಯಾಲೆಂಡರಿನ ಹಿಂದಿನ ಹಾಳೆಗಳನ್ನು ತಿರುವಿದಳು. ಆ ಶುಕ್ರವಾರದ ಚೌಕದಲ್ಲಿ ಅಮಾವಾಸ್ಯೆಯ ಕಪ್ಪು ಬೊಟ್ಟು. ಎಳ್ಳಮಾಸಿ!

ಎಳ್ಳಮಾಸಿಯ ದಿನ ಈ ಸೀಮೆಯಲ್ಲಿ ಯಾರೂ ಊರಲ್ಲಿರುವುದಿಲ್ಲ. ಎಲ್ಲರೂ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ, ತಂದ ಅಡುಗೆಯನ್ನು ಬೆಳೆಯ ಮೇಲೆ ಎರಚಿ ಭೂತಾಯಿಗೆ ಚರಗ ಚೆಲ್ಲಿ, ಅಲ್ಲೇ ಸಾಲಾಗಿ ಕೂತು ಉಂಡು ಬರುವ ಹಬ್ಬ. ಶಾಲೆಗೆ ಸ್ಥಳೀಯ ರಜೆ. ಅಂಗಡಿ ಅರ್ಧ ಮುಚ್ಚಿರುತ್ತದೆ, ಖಾನಾವಳಿ ಪೂರ್ತಿ ಮುಚ್ಚಿರುತ್ತದೆ. ಅಂಥ ದಿನ ಕುರ್ಚಿ ಹಾಕಿಕೊಂಡು ಕೂತು ಮಕ್ಕಳನ್ನು ಎಣಿಸಿದ ಜಾಣ ಯಾರಪ್ಪಾ ಎಂದು ಶೈಲಾ ರಾತ್ರಿ ಊಟದುದ್ದಕ್ಕೂ ಬೈದಳು. ಸಿದ್ದರಾಮ ಗೋಣು ಹಾಕುತ್ತ ಉಂಡ.

ಸಲಹೆ ಕೇಳುವ ಸಭೆ ಬುಧವಾರ ಬೆಳಿಗ್ಗೆ ಹನ್ನೊಂದಕ್ಕೆ. ಬಿಸಿಯೂಟದ ಅಡುಗೆಯವಳಿಗೆ ಹನ್ನೊಂದು ಗಂಟೆ ಎಂದರೆ ಏನೆಂದು ಸಭೆ ಕರೆದವರಿಗೆ ಗೊತ್ತಿರಬೇಕಾಗಿಲ್ಲ ಬಿಡಿ. ಬೇಳೆ ಬೇಯುತ್ತಿರುತ್ತದೆ, ಅನ್ನಕ್ಕೆ ಎಸರು ಇಟ್ಟಿರುತ್ತದೆ. "ನೀ ಹೋಗ ಬೇ, ಇವತ್ತ ಒಂದಿನ ನಾ ಒಬ್ಬಾಕಿನ ಮಾಡ್ತೇನಿ," ಎಂದಳು ಮಾಬುಬಿ. ಶೈಲಾ ಶಾಲೆಯ ಎದುರು ದಾಟಲು ದಾರಿ ಬಿಡಬೇಕೆಂದು ಬರೆಸಿ, ಎಪ್ಪತ್ತು ಮನೆಗಳ ಸಹಿ, ಹೆಬ್ಬೆಟ್ಟು ಹಾಕಿಸಿದ್ದ ಅರ್ಜಿಯನ್ನು ಬ್ಲೌಸಿನೊಳಗೆ ಇಟ್ಟುಕೊಂಡು ಸಮುದಾಯ ಭವನಕ್ಕೆ ಹೋದಳು.

ಮೊದಲು ಒಂದು ತಾಸು ಸ್ವಾಗತ, ಹೂವಿನ ಗುಚ್ಛ, ಮುಖಂಡರ ಭಾಷಣ. ಆಮೇಲೆ ಬೈಕ್ ಷೋರೂಮಿನವರು ತಮ್ಮ ಮುಂದೆ ಪಾರ್ಕಿಂಗ್ ಬೇಕೆಂದರು. ಕಟ್ಟಡ ಸಾಮಾನಿನ ಅಂಗಡಿಯವರು ತಮ್ಮ ಮುಂದೆ ಪಾರ್ಕಿಂಗ್ ಬೇಡ ಎಂದರು. ಒಬ್ಬರು ನಾಕಾಕ್ಕೆ ತಮ್ಮ ತಂದೆಯ ಹೆಸರಿಡಬೇಕೆಂದು ಹದಿನೈದು ನಿಮಿಷ ಮಾತಾಡಿದರು. ಶೈಲಾ ಕೈ ಎತ್ತಿದ್ದು ಐದು ಸಲ. ಆರನೆಯ ಸಲಕ್ಕೆ ಎದ್ದು ನಿಂತೇಬಿಟ್ಟಳು.

"ನಾ ಸಾಲ್ಯಾಗ ಅಡಗಿ ಮಾಡಾಕಿ ಅದೇನ್ರಿ. ದಿನಾ ನೂರಾ ಹದಿನೈದು ಹುಡುಗ್ರು ಆ ರಸ್ತಾ ದಾಟ್ತಾವು. ನಂಬಿಕಿ ಇಲ್ಲಂದ್ರ ನಮ್ಮ ಅಡಗಿಮನಿ ಬಾಗಲಾ ಬಂದು ನೋಡ್ರಿ, ನಾ ಅಳದ ಅಕ್ಕಿ ನೋಡ್ರಿ. ನೀವು ಎಣಿಸಿದ್ದು ಎಳ್ಳಮಾಸಿ ದಿನ. ಎಳ್ಳಮಾಸಿ ದಿನ ಊರಾಗ ಯಾರಿರ್ತಾರ್ರಿ ಸಾಹೇಬ್ರ?"

ಕಾಮಗಾರಿಯ ಎಂಜಿನಿಯರ್ ಬೇರೆ ಸೀಮೆಯಿಂದ ಬಂದವರು, ಸಭ್ಯರು. "ಅಮ್ಮಾ, ಆ ದಿನ ಸರ್ಕಾರಿ ರಜೆಯ ಪಟ್ಟಿಯಲ್ಲಿ ಇಲ್ಲ. ಶುಕ್ರವಾರ, ಕೆಲಸದ ದಿನ. ನಿಯಮದ ಪ್ರಕಾರ ಲೆಕ್ಕ ಸರಿಯಾಗಿಯೇ ಇದೆ," ಎಂದರು.

"ಹಂಗಾದ್ರ ಆ ಲೆಕ್ಕ ರದ್ದ ಮಾಡಾಕ ಏನ ಮಾಡಬೇಕ್ರಿ?"

"ರದ್ದಾಗುವುದು ಒಂದೇ ಸಂದರ್ಭದಲ್ಲಿ. ಎಣಿಸುವವನು ತನ್ನ ಜಾಗ ಬಿಟ್ಟು ಹೋಗಿದ್ದ ಎಂದು ಸಾಬೀತಾಗಬೇಕು. ಆಗ ಮರುಎಣಿಕೆ ಮಾಡಿಸಲೇಬೇಕಾಗುತ್ತದೆ. ಆದರೆ ನಮ್ಮ ಎಣಿಕೆಗಾರರು ಹನ್ನೆರಡು ತಾಸೂ ಅಲ್ಲೇ ಕೂತಿದ್ದಾರೆ. ಹಾಳೆಯಲ್ಲಿ ಕಾಲುಕಾಲು ಗಂಟೆಗೂ ಅಂಕಿ ಇದೆ." ಹೀಗೆಂದು ಅವರು ಸಭೆಯ ಹಿಂಬದಿಗೆ ನೋಡಿದರು. ಅಲ್ಲಿ ಪರದೆಗೆ ಚಿತ್ರ ಬಿಡುವ ಯಂತ್ರದ ಪಕ್ಕ ನಿಂತಿದ್ದ ಐವತ್ತರ ಮನುಷ್ಯನೊಬ್ಬ ತಲೆ ತಗ್ಗಿಸಿದ. ಶೈಲಾ ತಿರುಗಿ ಅವನ ಮುಖ ಕಂಡಳು.

ಒಂದೇ ಪಂಕ್ತಿಯಲ್ಲಿ ಆರು ಸಜ್ಜೆಯ ಕಡಬು ತಿಂದ ಮುಖವನ್ನು ಹೇಗೆ ಮರೆಯುವುದು?

ಆ ಎಳ್ಳಮಾಸಿಯ ಮಧ್ಯಾಹ್ನ ಸಿದ್ದರಾಮನ ಟೆಂಪೊದಲ್ಲಿ ಬುತ್ತಿಯ ಗಂಟುಗಳ ನಡುವೆ ಕೂತು ಎಲ್ಲರೂ ತಿಕೋಟಾದ ಹೊಲಕ್ಕೆ ಹೊರಟಿದ್ದರು. ಹಿಂದಿನ ದಿನವೇ ಊರಿಂದ ಬಂದಿದ್ದ ಅತ್ತೆ ಕಾಶಿಬಾಯಿ ಮುಂದಿನ ಸೀಟಿನಲ್ಲಿದ್ದಳು. ಶಾಲೆಯ ಎದುರಿನ ಬೇವಿನ ಮರದ ಕೆಳಗೆ ಒಬ್ಬ ಮನುಷ್ಯ ಕುರ್ಚಿಯಲ್ಲಿ ಒಂಟಿಯಾಗಿ ಕೂತಿದ್ದ. "ಯಾಕ ಯಪ್ಪಾ, ಅಮಾಸಿ ದಿನ ಒಬ್ಬನ ಕುಂತಿ? ಉಂಡಿಯೋ ಇಲ್ಲೋ?" ಎಂದು ಕಾಶಿಬಾಯಿ ಗಾಡಿ ನಿಲ್ಲಿಸಿದಳು. ಬೆಳಗಿನಿಂದ ಒಂದು ಕಪ್ ಚಹ ಬಿಟ್ಟು ಏನೂ ಸಿಕ್ಕಿಲ್ಲ, ಖಾನಾವಳಿ ಎಲ್ಲ ಬಂದ್, ತನಗೆ ಕಂಪನಿ ಡ್ಯೂಟಿ ಇದೆ ಎಂದ ಅವನು. ಎಳ್ಳಮಾಸಿಯ ದಿನ ದಾರಿಯಲ್ಲಿ ಕಂಡವರನ್ನು ಕರೆಯದೆ ಹೊಲಕ್ಕೆ ಹೋದರೆ ಚರಗ ಚೆಲ್ಲಿದ್ದು ಭೂತಾಯಿಗೆ ಮುಟ್ಟುವುದಿಲ್ಲವೆಂಬುದು ಕಾಶಿಬಾಯಿಯ ಗಟ್ಟಿ ನಂಬಿಕೆ. ಕೆಳಗಿಳಿದು ಅವನ ರಟ್ಟೆ ಹಿಡಿದು ಎಬ್ಬಿಸಿದವಳು ಶೈಲಾಳೇ. ಅರ್ಧ ತಾಸಿನಲ್ಲಿ ಕಳಿಸಿಕೊಡುತ್ತೇವೆ ಎಂದಿದ್ದಳು. ಎಳ್ಳಮಾಸಿಯ ಊಟ ಅರ್ಧ ತಾಸಿನಲ್ಲಿ ಮುಗಿದದ್ದು ಎಲ್ಲಿಯಾದರೂ ಉಂಟೇ? ಕಡಬು, ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹೋಳಿಗೆ, ಮೇಲೆ ಕಡಲೆ ಗಿಡ ಕಿತ್ತು ತಿನ್ನುತ್ತ ಹರಟೆ. ಅವನನ್ನು ಮರಳಿ ಅದೇ ಮರದ ಕೆಳಗೆ ಇಳಿಸಿದಾಗ ಬೀದಿದೀಪ ಹತ್ತಿದ್ದವು. ಯಾವ ಡ್ಯೂಟಿ ಎಂದು ಯಾರೂ ಕೇಳಿರಲಿಲ್ಲ.

ಈಗ ಸಭೆಯಲ್ಲಿ ಶೈಲಾ ನಿಂತೇ ಇದ್ದಳು. ಲೆಕ್ಕ ರದ್ದು ಮಾಡಿಸುವ ಕೀಲಿ ಅವಳ ಕೈಯಲ್ಲೇ ಇತ್ತು. ಬೆರಳು ಎತ್ತಿ ತೋರಿಸಿದರೆ ಸಾಕು. ಆದರೆ ತಾನೇ ರಟ್ಟೆ ಹಿಡಿದು ಎಬ್ಬಿಸಿಕೊಂಡು ಹೋಗಿ ಉಣ್ಣಿಸಿದವನನ್ನು, ಉಂಡದ್ದೇ ತಪ್ಪೆಂದು ತೋರಿಸುವುದು ಹೇಗೆ? ತೋರಿಸದಿದ್ದರೆ ಲಲಿತಾಳ ಕಾಲು ಕಣ್ಣ ಮುಂದೆ ಬರುತ್ತಿತ್ತು. ಅವನಾಗಿಯೇ ಒಂದು ಮಾತು ಹೇಳಲಿ ಎಂದು ಅವನನ್ನೇ ದಿಟ್ಟಿಸಿದಳು. ಅವನು ತಲೆ ಎತ್ತಲಿಲ್ಲ.

"ಎಣಿಸಾಂವ ಎದ್ದ ಹೋಗಿದ್ದರಿ," ಎಂದಳು ಕೊನೆಗೆ. "ಮಧ್ಯಾಹ್ನದಿಂದ ಸಂಜಿ ತನಕ ಕುರ್ಚಿ ಖಾಲಿ ಇತ್ರಿ. ನಾನ ಎಬ್ಬಿಸಿಕೊಂಡು ಹೋಗಿ ಹೊಲದಾಗ ಊಟಕ್ಕ ಹಾಕೇನಿ. ತಪ್ಪ ನಂದು, ನನ್ನ ಹೆಸರ ಬರಕೊರ್ರಿ."

"ಯಾರನ್ನು ಕರೆದೊಯ್ದಿರಿ? ಇಲ್ಲಿದ್ದಾರೆಯೇ? ತೋರಿಸಿ."

ಹಿಂದೆ ಯಂತ್ರದ ಫ್ಯಾನು ಗುಂಯ್ ಎನ್ನುತ್ತಿದ್ದುದು ಕೇಳಿಸುತ್ತಿತ್ತು.

"ಮುಖ ನೆನಪಿಲ್ರಿ," ಎಂದಳು ಶೈಲಾ.

ಯಾರೋ ಕಿಸಕ್ಕೆಂದರು, ಆಮೇಲೆ ಎಲ್ಲರೂ ನಕ್ಕರು. ಎಂಜಿನಿಯರ್ ಕೂಡ ಮುಗುಳ್ನಕ್ಕು ಅರ್ಜಿ ತೆಗೆದುಕೊಂಡು ಮುಂದಿನವರನ್ನು ಕರೆದರು.

ಗೇಟಿನ ಹೊರಗೆ ಆ ಮನುಷ್ಯ ಓಡಿಬಂದ. ಹೆಸರು ಸೈಫುದ್ದೀನ. "ಅಕ್ಕಾರ, ತಪ್ಪಾತ್ರಿ. ನನಗೂ ಗೊತ್ತಿತ್ತರಿ ಅವತ್ತ ಎಳ್ಳಮಾಸಿ ಅಂತ. ಮುಂಜಾನೆನ ಕಂಪನಿಗೆ ಫೋನ್ ಮಾಡಿ ಹೇಳಿದ್ನಿ, ಇವತ್ತ ಎಣಿಸಿದ್ರ ಉಪಯೋಗಿಲ್ಲ ಅಂತ. ತಾರೀಖ ಬದಲಾಗಂಗಿಲ್ಲ, ಕುಂಡ್ರು ಅಂದ್ರು. ಸಂಜಿಗೆ ಬಂದು ಉಳದ ಹಾಳಿ ಅಂದಾಜಿನ ಮ್ಯಾಲ ತುಂಬಿದ್ನಿ."

"ಮತ್ತ ಒಳಗ ಯಾಕ ಬಾಯಿ ಬಿಡಲಿಲ್ಲ?"

"ಗೋಳಗುಮ್ಮಟದ ಮುಂದ ಟಾಂಗಾ ಹೊಡಿತಿದ್ನಿರಿ. ಟಾಂಗಾ ನಿಂತ ಮ್ಯಾಲ ಎಂಟು ವರ್ಷ ಕಂಡ ಕಂಡಲ್ಲಿ ದುಡದೇನಿ. ಇದೊಂದು ಕೆಲಸ ಕೈಗೆ ಹತ್ತೇತಿ. ಮನ್ಯಾಗ ಹೆಂಡ್ತಿ ನೂರಜಹಾನಗ ಏನಂತ ಹೇಳಲ್ರಿ?"

ಶೈಲಾಳಿಗೆ ಕನಿಕರ ಹುಟ್ಟಿತು ಎಂದು ಬರೆದರೆ ಸುಳ್ಳಾಗುತ್ತದೆ. ಅವಳಿಗೆ ಮೈಯೆಲ್ಲ ಉರಿಯಿತು. ಅವನ ಮೇಲೆ ಉರಿಯಿತು, ಅತ್ತೆಯ ಮೇಲೆ ಉರಿಯಿತು, ಎಲ್ಲಕ್ಕಿಂತ ಹೆಚ್ಚು ಅಂದು ಅವನ ರಟ್ಟೆ ಹಿಡಿದ ತನ್ನ ಬಲಗೈಯ ಮೇಲೆ ಉರಿಯಿತು. "ಉಂಡ ಋಣ ಅಂತ ಸುಮ್ಮನಾಗೇನಿ ಅನ್ಕೋಬ್ಯಾಡ. ನನಗ ಬೆರಳ ಎತ್ತಾಕ ಆಗಲಿಲ್ಲ, ಅಷ್ಟ," ಎಂದು ಹೇಳಿ ಸರಸರ ನಡೆದಳು. ಶಾಲೆಗೆ ಬಂದರೆ ಒಬ್ಬಳೇ ಒದ್ದಾಡಿದ ಮಾಬುಬಿಯ ಕೈಯಲ್ಲಿ ಅನ್ನ ತಳ ಹಿಡಿದಿತ್ತು.

ತಿಂಗಳಾದ ಮೇಲೆ ಸಭೆಯ ನಡಾವಳಿಯ ಪ್ರತಿ ಶಾಲೆಗೂ ಬಂತು. ವಿಜಯಲಕ್ಷ್ಮೀ ಮೇಡಂ ಓದಿ ಹೇಳಿದರು. ಪಾರ್ಕಿಂಗಿನ ಬಗ್ಗೆ ಎರಡು ಪುಟ ಇತ್ತು. ಹದಿನೇಳನೆಯ ಕಲಮಿನಲ್ಲಿ ಹೀಗಿತ್ತು: "ಶ್ರೀಮತಿ ಶೈಲಾ, ಅಡುಗೆ ಸಿಬ್ಬಂದಿ, ಇವರು ಹಬ್ಬದ ಊಟದ ಕುರಿತು ಮಾತನಾಡಿದರು. ಸಭೆಯು ಗಮನಿಸಿತು." ಎಪ್ಪತ್ತು ಮನೆಗಳ ಅರ್ಜಿಯ ಸುದ್ದಿಯೇ ಇರಲಿಲ್ಲ. ಮೇಡಂ ಎರಡು ಪತ್ರ ಬರೆದರು. ಒಂದಕ್ಕೆ ಉತ್ತರ ಬರಲಿಲ್ಲ, ಇನ್ನೊಂದಕ್ಕೆ "ಸ್ವೀಕರಿಸಲಾಗಿದೆ" ಎಂಬ ಉತ್ತರ ಬಂತು.

ದೀಪಾವಳಿ ಮುಗಿಯುತ್ತಲೇ ಡಿವೈಡರು ಬಂತು. ಕಾಂಕ್ರೀಟಿನದು, ಶೈಲಾಳ ಸೊಂಟದ ಎತ್ತರ. ನಾಕಾದಲ್ಲಿ ಗಾಡಿಗಳು ನಿಜವಾಗಿಯೂ ಸಲೀಸಾಗಿ ಹರಿದವು. ಸಿದ್ದರಾಮ ಕೂಡ ಬೇಗ ಮನೆಗೆ ಬರತೊಡಗಿ, ಬಾಯಿ ತಪ್ಪಿ ಒಮ್ಮೆ ಅದನ್ನು ಹೊಗಳಿ ಹೆಂಡತಿಯಿಂದ ಬೈಸಿಕೊಂಡ. ಸಲೀಸಾದ ಗಾಡಿಗಳು ಶಾಲೆಯ ಮುಂದೆ ಇನ್ನೂ ಜೋರಾಗಿ ಓಡಿದವು. ದೊಡ್ಡ ಹುಡುಗರು ಗೋಡೆ ಹಾರಿದರು. ಸಣ್ಣವರನ್ನು ಅಷ್ಟು ದೂರ ಸುತ್ತಿಸಿ ಕರೆತರಲು ಕೂಲಿಗೆ ಹೋಗುವ ತಾಯಂದಿರಿಗೆ ಪುರಸೊತ್ತೆಲ್ಲಿ? ಒಂದೊಂದೇ ಮಗು ಮನೆಯಲ್ಲಿ ಉಳಿಯಿತು. ಅಡುಗೆಮನೆಯ ಬಾಗಿಲ ಮೇಲೆ ನೂರಾ ಅರವತ್ತೆಂಟು ಇದ್ದದ್ದು ನೂರಾ ಐವತ್ತಾಯಿತು, ನೂರಾ ನಲವತ್ತಾಯಿತು, ನೂರಾ ಮೂವತ್ತೊಂದಕ್ಕೆ ಬಂತು.

ಶೈಲಾ ಅಕ್ಕಿ ಅಳೆಯುವಾಗ ಕೈ ನಿಲ್ಲಿಸಿ ಆ ಅಂಕಿಯನ್ನು ನೋಡುತ್ತಿದ್ದಳು. ಸುಳ್ಳು ಸೊನ್ನೆಯೊಂದನ್ನು ಕಾಗದದಲ್ಲಿ ಬರೆದರು, ಈಗ ಅದನ್ನು ದಿನಕ್ಕಿಷ್ಟು ನಿಜ ಮಾಡುತ್ತಿದ್ದಾರೆ ಎನ್ನಿಸಿ ಅವಳಿಗೆ ಅಳುವೇ ಬಂತು. ಹೊಗೆಯೆಂದು ಮಾಬುಬಿಗೆ ಹೇಳಿದಳು. ಗ್ಯಾಸಿನ ಒಲೆಗೆ ಹೊಗೆ ಎಲ್ಲಿಯದು ಎಂದು ಮಾಬುಬಿ ಕೇಳಲಿಲ್ಲ.

ಫೆಬ್ರವರಿಯ ಒಂದು ಸಂಜೆ ಸೈಫುದ್ದೀನ ಅಡುಗೆಮನೆಯ ಬಾಗಿಲಿಗೆ ಬಂದು ನಿಂತ. ಕಾಮಗಾರಿ ಮುಗಿದ ಮೇಲೆ ಒಮ್ಮೆ ಮರುಎಣಿಕೆ ಮಾಡುವುದು ಕಂಪನಿಯ ಕರಾರಂತೆ. "ಈ ಸಲ ಹಬ್ಬ ಹುಣ್ಣಿಮಿ ಎಲ್ಲಾ ನೋಡಿ ನಾನ ದಿನ ಹಿಡಿಸೇನ್ರಿ ಅಕ್ಕಾರ. ಬರೂ ಮಂಗಳವಾರ. ಸಾಲಿ ಮುಂದಿನ ಜಾಗಾನೂ ಕೇಳಿ ತಗೊಂಡೇನಿ."

ಸೋಮವಾರ ಸಂಜೆ ಶೈಲಾ ರಸ್ತೆಯ ಆಚೆ ಹೋಗಿ, ಶಾಲೆ ಬಿಟ್ಟ ಮೂವತ್ತೇಳು ಮಕ್ಕಳ ಮನೆಗಳ ಬಾಗಿಲನ್ನೂ ತಟ್ಟಿದಳು. "ನಾಳಿಂದ ಕಳಸ್ರಿ. ನಾ ಎತ್ತಿ ದಾಟಸ್ತೇನಿ. ನಾಳೆ ಒಂದಿನ ಅಲ್ಲ, ದಿನಾ," ಎಂದಳು. ಕೆಲವರು ಹೂಂ ಎಂದರು, ಕೆಲವರು ಸುಮ್ಮನೆ ಬಾಗಿಲು ಹಾಕಿಕೊಂಡರು.

ಮಂಗಳವಾರ ಬೆಳಿಗ್ಗೆ ಬೇವಿನ ಮರದ ಕೆಳಗೆ ಅದೇ ಕುರ್ಚಿ, ಅದೇ ಸೈಫುದ್ದೀನ, ಬೆರಳಲ್ಲಿ ಒತ್ತುವ ಪುಟ್ಟ ಎಣಿಕೆ ಯಂತ್ರ. ಡಿವೈಡರಿನ ಆಚೆ ಬದಿಗೆ ಶೈಲಾ, ಈಚೆ ಬದಿಗೆ ಮಾಬುಬಿ. ಸೌಟನ್ನು ಲಲಿತಾಳ ಕೈಗೆ ಕೊಟ್ಟು ಗಾಡಿಗಳ ಕಡೆಗೆ ನಿಲ್ಲಿಸಿ, ವಿಜಯಲಕ್ಷ್ಮೀ ಮೇಡಂ ಅವಳ ಪಕ್ಕದಲ್ಲೇ ನಿಂತರು. ಶೈಲಾ ಒಂದೊಂದೇ ಮಗುವನ್ನು ಕಂಕುಳಿಗೆ ಕೈಹಾಕಿ ಎತ್ತುವಳು, ಮಾಬುಬಿ ಇಳಿಸಿಕೊಳ್ಳುವಳು, ಮರದ ಕೆಳಗೆ ಟಕ್ ಎನ್ನುವುದು. ನೂರಾ ನಾಲ್ಕು ಸಲ ಟಕ್ ಎಂದಿತು. ಹನ್ನೊಂದು ಮಕ್ಕಳು ಬರಲೇ ಇಲ್ಲ.

ಆ ಹಾಳೆ ಮೇಲಿನ ಕಚೇರಿಗೆ ಹೋಗಿ ಈಗ ನಾಲ್ಕು ತಿಂಗಳು. ಪರಿಶೀಲನೆಯಲ್ಲಿದೆ ಎನ್ನುತ್ತಾರೆ. ಡಿವೈಡರು ಅಲ್ಲೇ ಇದೆ. ಶೈಲಾಳಿಗೆ ಸೊಂಟನೋವು ಹಿಡಿದಿದೆ, ಎಣ್ಣೆ ಹಚ್ಚಿಸಿಕೊಳ್ಳುವಾಗಲೆಲ್ಲ ಹದಿನೇಳನೆಯ ಕಲಮಿನವರನ್ನು ಹೆಸರಿಲ್ಲದೆ ಬೈಯುತ್ತಾಳೆ.

ಆದರೆ ಆ ಮಂಗಳವಾರ ಮಧ್ಯಾಹ್ನದ್ದೊಂದು ಸಂಗತಿ ಹೇಳಬೇಕು. ಮಕ್ಕಳ ಊಟ ಮುಗಿದ ಮೇಲೆ ಶೈಲಾ ಮನೆಯಿಂದ ತಂದಿದ್ದ ತನ್ನ ಡಬ್ಬಿ ಹಿಡಿದು ಬೇವಿನ ಮರದ ಕೆಳಗೆ ಹೋದಳು. ಒಳಗೆ ಜೋಳದ ರೊಟ್ಟಿ, ಬದನೆಕಾಯಿ ಪಲ್ಯ, ಶೇಂಗಾ ಹಿಂಡಿ. ಸೈಫುದ್ದೀನ ಗಾಬರಿಯಾಗಿ ಏಳಲು ಹೋದ.

"ಕುರ್ಚಿ ಬಿಟ್ಟ ಎದ್ದಿ ಅಂದ್ರ ನೋಡ ಮತ್ತ," ಎಂದು ಶೈಲಾ ಗದರಿಸಿದಳು. "ಕುಂತಲ್ಲೇ ಉಣ್ಣು. ಕಣ್ಣ ರಸ್ತಾದ ಮ್ಯಾಲ ಇರಲಿ."

ಅವನು ಬಲಗೈಯಲ್ಲಿ ತುತ್ತು ಮುರಿದ, ಎಡಗೈಯಲ್ಲಿ ಯಂತ್ರ ಹಿಡಿದ. ಮುಗಿಯುವವರೆಗೆ ಅವಳು ಡಬ್ಬಿ ಹಿಡಿದು ನಿಂತೇ ಇದ್ದಳು. ಆಮೇಲೆ ಕೈ ತೊಳೆಯಲೂ ಅವನನ್ನು ಏಳಗೊಡದೆ, ತಾನೇ ಚೊಂಬಿನಲ್ಲಿ ನೀರು ತಂದು ಅವನ ಕೈ ಮೇಲೆ ಹಾಕಿದಳು.